ಪಥ್ಯವಿಲ್ಲದ ಮದ್ದು

ಜ್ವರ ಬರುತ್ತಿದ್ದದ್ದು ಸಂಜೆ. ಬಿಸಿಲು ಬಾವಿಕಟ್ಟೆಯಿಂದ ಇಳಿದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿತು ಎನ್ನುವಾಗ ಅದು ಮೆಲ್ಲಗೆ ಬಂದು ನನ್ನ ಪಕ್ಕ ಮಲಗುತ್ತಿತ್ತು. ಜೋರಿನ ಜ್ವರವಲ್ಲ, ಮೈಯೊಳಗೆ ಯಾರೋ ಸಣ್ಣ ದೀಪ ಹಚ್ಚಿಟ್ಟ ಹಾಗೆ. ಆ ಹೊತ್ತಿಗೆ ಎದುರು ಜಗಲಿಯಲ್ಲಿ ನನ್ನ ಗಂಡನ ಹೊಲಿಗೆ ಯಂತ್ರದ ಸದ್ದು ದೂರ ದೂರ ಹೋಗುತ್ತಿತ್ತು. ಮೊದಲು ಅದು ನರಿಮೊಗರಿನ ಕಡೆಯಿಂದ ಬರುವ ಬಸ್ಸಾಗುತ್ತಿತ್ತು, ಆಮೇಲೆ ಹೊಳೆಯಾಗುತ್ತಿತ್ತು, ಕೊನೆಗೆ ನನ್ನ ಮಗಳು ನಿದ್ದೆಯಲ್ಲಿ ಉಸಿರಾಡುವ ಸದ್ದಾಗುತ್ತಿತ್ತು. ಸುಖ ಎಂದರೆ ನೀವು ನಗಬಹುದು. ಆದರೆ ಕ್ಷಯದ ಸಂಜೆ ಜ್ವರದಲ್ಲಿ ಒಂದು ಕಳ್ಳಸುಖ ಇದೆ. ಅನುಭವಿಸಿದವರಿಗೆ ಗೊತ್ತು.

ಇದನ್ನೆಲ್ಲ ಈಗ ಬರೆಯಲು ಕಾರಣ ನಮ್ಮ ಪಕ್ಕದ ಮನೆಯ ಹುಡುಗಿ. ಅವಳಿಗೂ ಇದೇ ಕಾಯಿಲೆ ಎಂದು ತಿಳಿದ ದಿನ ಅವಳು ನನ್ನ ಕೈ ಹಿಡಿದು ಕೇಳಿದ್ದು ಸಾಯುತ್ತೇನಾ ಎಂದಲ್ಲ. "ಪುಕ್ಕಟೆ ಕೊಡುವ ಮಾತ್ರೆಯಲ್ಲಿ ಗುಣ ಆಗ್ತದಾ ದೊಡ್ಡಮ್ಮ?" ಎಂದು ಕೇಳಿದಳು. ನನಗೆ ನಗು ಬಂತು. ಅದೊಂದು ಪ್ರಶ್ನೆ ನಮ್ಮ ಮನೆಯಲ್ಲಿ ಒಂದೂವರೆ ವರ್ಷ ಊಟಕ್ಕೆ ಕೂತಿತ್ತು, ನಮ್ಮ ಜೊತೆ ಮಲಗಿತ್ತು.

ಅರುವತ್ತರ ದಶಕದ ಮೊದಲ ವರ್ಷಗಳು. ನಮ್ಮ ಜಿಲ್ಲೆ ಮದ್ರಾಸಿನ ಸರಕಾರದಿಂದ ಮೈಸೂರಿನ ಸರಕಾರಕ್ಕೆ ಬಂದು ತುಂಬ ಕಾಲವಾಗಿರಲಿಲ್ಲ. ನಾವಿದ್ದದ್ದು ಪುತ್ತೂರು ಪೇಟೆಯ ಅಂಚಿನ ಬಾಡಿಗೆ ಮನೆಯಲ್ಲಿ. ಗಂಡ ಕುಶಾಲಪ್ಪ ಟೈಲರ್. ಮಗಳು ಲೀಲಾ ಆಗಷ್ಟೇ ಗೋಡೆ ಹಿಡಿದು ನಿಲ್ಲಲು ಕಲಿತಿದ್ದಳು. ಬಾಣಂತನ ಮುಗಿದರೂ ನನ್ನ ಕೆಮ್ಮು ಮುಗಿದಿರಲಿಲ್ಲ. ಕಷಾಯ ಆಯಿತು, ಪೇಟೆಯ ಡಾಕ್ಟರರ ಕೆಂಪು ನೀರು ಆಯಿತು. ಒಂದು ಬೆಳಿಗ್ಗೆ ಸೆರಗಿನ ತುದಿಯಲ್ಲಿ ದಾಸವಾಳದ ಎಸಳಿನಷ್ಟು ಕೆಂಪು ಕಂಡಿತು. ನಾನು ಆ ತುದಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ದೋಸೆ ಹೊಯ್ದೆ. ಹೆದರಿಕೆ ಬಂದದ್ದು ದೋಸೆ ಮಗುಚುವಾಗ. ದೋಸೆ ಒಲೆಗೆ ಬಿತ್ತು.

ಸರಕಾರಿ ಆಸ್ಪತ್ರೆಗೆ ಹೋದೆವು. ಮಂಗಳೂರಿಗೆ ಹೋಗಿ ಎದೆಯ ಫೋಟೋ ತೆಗೆಸಿಕೊಂಡು ಬಂದೆವು. ಡಾಕ್ಟರು ಘಟ್ಟದ ಮೇಲಿನವರು, ಇನ್ನೂ ಹುಡುಗ. ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ನನ್ನ ಎದೆಯೊಳಗೆ ಮೋಡ ಕಂಡಿತು. ಅದು ನನ್ನದು ಅನ್ನಿಸಲಿಲ್ಲ. ಯಾರದೋ ಊರಿನ ಮಳೆಗಾಲ ಅನ್ನಿಸಿತು.

"ನೋಡಮ್ಮ, ಹೆದರ್ಕೋಬೇಡಿ" ಎಂದರು ಡಾಕ್ಟರು. "ಮೊದಲಿನ ಹಾಗೆ ಇದಕ್ಕೆ ಊರು ಬಿಟ್ಟು ಹೋಗ್ಬೇಕಾಗಿಲ್ಲ. ಮನೇಲೇ ಇದ್ದು ಮಾತ್ರೆ ತಗೊಳ್ಳೋದು. ತಿಂಗಳಿಗೊಂದ್ಸಲ ಬಂದು ಇಸ್ಕೊಂಡು ಹೋಗಿ. ಒಂದೂವರೆ ವರ್ಷ, ಒಂದು ದಿನಾನೂ ತಪ್ಪಿಸ್ಬಾರದು. ಮಗು ಮಾತ್ರ ನಾನು ಹೇಳೋವರೆಗೂ ಹತ್ತಿರ ಬೇಡ."

ಒಂದೂವರೆ ವರ್ಷ ಎಂಬುದು ನನಗೆ ಕೇಳಿಸಿತು, ಮಾತ್ರೆ ಎಂಬುದೂ ಕೇಳಿಸಿತು. ಕೊನೆಯ ಮಾತು ಕೇಳಿಸಿದ್ದು ಮನೆಗೆ ಬಂದು, ಅಜ್ಜಾವರದಿಂದ ಬಂದಿದ್ದ ಅತ್ತೆ ಲೀಲಾಳನ್ನು ನನ್ನ ಸೊಂಟದಿಂದ ತೆಗೆದುಕೊಂಡಾಗ. ಮಗು ನನ್ನ ರವಿಕೆಯ ಗುಂಡಿ ಹಿಡಿದುಕೊಂಡಿತ್ತು. ಗುಂಡಿ ಕಿತ್ತು ಅವಳ ಮುಷ್ಟಿಯಲ್ಲೇ ಹೋಯಿತು.

ನನ್ನ ಹಾಸಿಗೆ ಹಿಂದಿನ ಜಗಲಿಗೆ ಬಂತು. ಅಲ್ಲಿಗೂ ಒಳಮನೆಗೂ ನಡುವೆ ಬಾಗಿಲಿರಲಿಲ್ಲ. ಇವರು, ನನ್ನ ಗಂಡ, ಒಂದು ಪರದೆ ಹೊಲಿದರು. ಹೊಸ ಬಟ್ಟೆಗೆ ಎಲ್ಲಿಗೆ ಹೋಗುವುದು? ಕತ್ತರಿಸಿ ಉಳಿದ ತುಂಡುಗಳನ್ನೇ ಜೋಡಿಸಿದರು. ಶಾಲೆಯ ಮಕ್ಕಳ ನೀಲಿ ಚಡ್ಡಿ, ಯಾರದೋ ಮದುವೆಯ ರೇಷ್ಮೆ ರವಿಕೆ, ಪೋಸ್ಟ್‌ಮ್ಯಾನನ ಖಾಕಿ ಎಲ್ಲವೂ ಅದರಲ್ಲಿದ್ದವು. ಹೊತ್ತು ಏರಿದಾಗ ಅದರ ಹಿಂದೆ ಲೀಲಾಳ ನೆರಳು ಓಡಾಡುತ್ತಿತ್ತು. ನಾನು ಹಾಡುತ್ತಿದ್ದೆ, ಅವಳು ಆ ಕಡೆಯಿಂದ ಪರದೆಯನ್ನು ಮುಟ್ಟಿ ನಗುತ್ತಿದ್ದಳು. ಜ್ವರದಲ್ಲಿ ಕಣ್ಣು ಅರ್ಧ ಮುಚ್ಚಿದಾಗ ಆ ರೇಷ್ಮೆ ತುಂಡಿನಲ್ಲಿ ಅವಳ ಐದು ಬೆರಳು ಹೊಳೆದು ಮಾಯವಾಗುವುದನ್ನು ನೋಡುತ್ತಿದ್ದೆ.

ಇನ್ನು ನನ್ನ ಅತ್ತೆ ಪೂವಕ್ಕನ ವಿಷಯ. ಗಟ್ಟಿ ಹೆಂಗಸು. ಬಾಯಲ್ಲಿ ಸದಾ ಎಲೆಅಡಿಕೆ, ಸೊಂಟದಲ್ಲಿ ಎಲೆಯ ಸಂಚಿ. ನಮ್ಮ ಮನೆಮಾತು ಅರೆಭಾಷೆ. ಅವರು ಹೇಳಿದ್ದನ್ನು ಎಲ್ಲರಿಗೂ ತಿಳಿಯಲೆಂದು ನಾನಿಲ್ಲಿ ಸ್ವಲ್ಪ ತಿರುಗಿಸಿ ಬರೆಯುತ್ತಿದ್ದೇನೆ, ಅದರ ಖಾರ ಪೂರ್ತಿ ಬರುವುದಿಲ್ಲ. ಮೊದಲ ಸಲ ಮಾತ್ರೆ ತರಲು ಅವರೂ ನನ್ನ ಜೊತೆ ಬಂದಿದ್ದರು, ತೊಳೆದು ಒಣಗಿಸಿದ ಬಾಟಲಿ ಹಿಡಿದುಕೊಂಡು. ಆಗ ಸರಕಾರಿ ಆಸ್ಪತ್ರೆಗೆ ಹೋಗುವವರು ಮದ್ದಿಗೆ ಬಾಟಲಿ ತಾವೇ ಒಯ್ಯಬೇಕಿತ್ತು. ಜಾಲರಿ ಕಿಟಕಿಯ ಒಳಗಿನ ಕೈ ಒಂದು ಕಾಗದದ ಪೊಟ್ಟಣ ಮುಂದೆ ತಳ್ಳಿತು. ಅತ್ತೆ ಬಾಟಲಿಯನ್ನೂ ಪೊಟ್ಟಣವನ್ನೂ ನೋಡಿದರು.

"ಬಾಟ್ಲಿಗೆ ಎಂತದೂ ಇಲ್ವಾ?"

"ಇಲ್ಲ. ಮಾತ್ರೆ ಮಾತ್ರ."

"ಸೂಜಿ?"

"ಇಲ್ಲಮ್ಮಾ. ಹಿಂದಿನವರು ಬನ್ನಿ."

ಹಿಂದಿನವರು ಇದಿನಬ್ಬ ಬ್ಯಾರಿಗಳು. ಒಣಮೀನಿನ ವ್ಯಾಪಾರದ ವಯಸ್ಸಾದ ಮುಸಲ್ಮಾನ, ಅತ್ತೆಗೆ ಮೊದಲೇ ಪರಿಚಯ, ನನ್ನದೇ ಕಾಯಿಲೆ. ಅವರಿಗೂ ಅದೇ ಪೊಟ್ಟಣ, ಅವರ ಹಿಂದೆ ನಿಂತಿದ್ದ ಕಡಬದ ಜಮೀನ್ದಾರರಿಗೂ ಅದೇ ಪೊಟ್ಟಣ. ಅತ್ತೆ ಅದನ್ನು ನೋಡಿದ್ದೇ ತಡ, ಅವರ ಮುಖ ಇಳಿಯಿತು.

"ಎಲ್ಲರ ಎಲೆಗೂ ಬಡಿಸುದು ಊಟ. ಮದ್ದು ಹಾಗೆ ಕೊಡುದಾ?" ಎಂದರು ಹೊರಗಿನ ಬೆಂಚಿನಲ್ಲಿ ಕೂತು.

ಬ್ಯಾರಿಗಳಿಗೆ ಮಾತಿಗೆ ಜನ ಸಿಕ್ಕಿತು. "ಸರಿ ಹೇಳಿದ್ರಿ ಪೂವಕ್ಕ. ಮದ್ರಾಸಿನವರ ಕಾಲದಲ್ಲಿ ನನ್ನನ್ನು ದೂರದ ಕ್ಷಯದ ಆಸ್ಪತ್ರೆಗೆ ಕಳಿಸಿದ್ರು. ಒಂದು ಹಾಸಿಗೆ ಸಿಕ್ಲಿಕ್ಕೆ ಕಾದು ಕಾದು ಗಡ್ಡ ಬೆಳ್ಳಗಾಯ್ತು. ಅಲ್ಲಿ ಎದೆಗೆ ಇಷ್ಟುದ್ದದ ಸೂಜಿ ಹಾಕಿ ಗಾಳಿ ತುಂಬಿಸ್ತಿದ್ರು ಮಾರಾಯ್ರೆ! ಜೀವ ಹೋಗಿ ಬರ್ತಿತ್ತು. ಅದು ಮದ್ದು. ಇದು ಮಕ್ಕಳ ಮಿಠಾಯಿ."

"ಅಲ್ಲಿ ಗುಣ ಆಗಿತ್ತಾ?" ಎಂದು ನಾನು ಕೇಳಿದೆ.

"ಗುಣ ಆಗಿದ್ರೆ ಇಲ್ಲಿಗೆ ಯಾಕೆ ಬರ್ತಿದ್ದೆ ಮಗಳೇ?" ಎಂದು ಅವರು ಹಲ್ಲಿಲ್ಲದ ಬಾಯಿ ತೆರೆದು ನಕ್ಕರು.

ನಗುವ ಮಾತಲ್ಲ ಅದು. ನಾವೆಲ್ಲ ಮದ್ದನ್ನು ಅಳೆಯುತ್ತಿದ್ದದ್ದು ಹಾಗೆಯೇ. ಸಿಗಲಿಕ್ಕೆ ಕಷ್ಟವಿರಬೇಕು, ನೋಯಿಸಬೇಕು, ನಾಲ್ಕು ಜನರಿಗೆ ಸಿಕ್ಕಿ ನಲುವತ್ತು ಜನರಿಗೆ ಸಿಗದಿರಬೇಕು. ಸರಕಾರ ಅಳೆಯುತ್ತಿದ್ದದ್ದು ಬೇರೆ ರೀತಿ. ಹಾಸಿಗೆ ಕಡಿಮೆ, ಸೂಜಿ ಕಡಿಮೆ, ರೋಗಿಗಳು ಊರಿಗೂರೇ. ಹಾಗಾದರೆ ಎಲ್ಲರ ಮನೆಗೂ ಮುಟ್ಟುವಂಥದ್ದು ಯಾವುದೋ ಅದೇ ಒಳ್ಳೆಯ ಮದ್ದು. ಡಾಕ್ಟರು ಒಮ್ಮೆ ಇದನ್ನು ನನಗೆ ಬಿಡಿಸಿ ಹೇಳಿದ್ದರು. ಸರಿ ಅನ್ನಿಸಿತ್ತು. ಆದರೆ ಹಿಂದಿನ ಜಗಲಿಯಲ್ಲಿ ಮಲಗಿದವಳಿಗೆ ಊರಿಗೂರೇ ಕಾಣುವುದಿಲ್ಲ, ಒಂದು ಪರದೆ ಕಾಣುತ್ತದೆ.

ಅತ್ತೆಗೆ ಇದಕ್ಕಿಂತ ದೊಡ್ಡ ಚಿಂತೆ ಪಥ್ಯದ್ದು. ನಾವು ಹೊರಡುವಾಗ ಡಾಕ್ಟರು ಹೇಳಿದ್ದು, ಏನು ಬೇಕಾದರೂ ತಿನ್ನಿ ಅಂತ. ನಮ್ಮ ಕಡೆ ಪಂಡಿತರು ಮದ್ದು ಕೊಟ್ಟರೆ ಅರ್ಧ ಹೊತ್ತು ಪಥ್ಯ ಹೇಳುತ್ತಾರೆ. ಪಥ್ಯ ಕಠಿಣವಾದಷ್ಟು ಮದ್ದು ಜೋರು ಎಂದು ಲೆಕ್ಕ. ಮನೆಗೆ ಬಂದು ಅವರು ಒಂದು ಮಾತ್ರೆಯನ್ನು ಅಂಗೈಯಲ್ಲಿಟ್ಟು ನೋಡಿದರು, ಮೂಸಿದರು, ನಾಲಗೆಯ ತುದಿಗೆ ಮುಟ್ಟಿಸಿದರು.

"ಕಹಿ ಉಂಟು" ಎಂದರು, ಸ್ವಲ್ಪ ಸಮಾಧಾನವಾದವರ ಹಾಗೆ. "ಉಷ್ಣದ ಮದ್ದು. ಇದಕ್ಕೆ ಪಥ್ಯ ಇಲ್ಲದೆ ಇರ್ಲಿಕ್ಕೆ ಸಾಧ್ಯ ಇಲ್ಲ."

"ಡಾಕ್ಟ್ರು ಬೇಡ ಹೇಳಿದ್ದಾರಲ್ಲ ಅವ್ವ" ಎಂದರು ಇವರು.

"ಪಾಪ, ಅವನಾದ್ರೂ ಎಂತ ಮಾಡುದು? ಸರಕಾರಕ್ಕೆ ಎಷ್ಟು ಜನ ಮಾರಾಯ! ಒಬ್ಬೊಬ್ಬರನ್ನು ಕೂರಿಸಿ ಪಥ್ಯ ಹೇಳ್ಲಿಕ್ಕೆ ಪುರುಸೊತ್ತು ಎಲ್ಲಿ ಉಂಟು? ಅದನ್ನು ನಾವೇ ತಿಳ್ಕೊಳ್ಬೇಕು."

ಹೀಗೆ ಸರಕಾರ ಮರೆತದ್ದನ್ನು ನನ್ನ ಅತ್ತೆ ತುಂಬಿಸಿಕೊಟ್ಟರು. ಮೊಸರು ಬಂದ್, ತೆಂಗಿನಕಾಯಿ ಬಂದ್, ಮೀನು ಬಂದ್, ಬೆಲ್ಲ, ಉದ್ದು, ಬದನೆ ಯಾವುದೂ ಇಲ್ಲ. ಕುಚ್ಚಲಕ್ಕಿಯ ತೆಳು ಗಂಜಿ, ಹುರಿದ ಉಪ್ಪು, ಕುಡಿಯಲು ಜೀರಿಗೆ ನೀರು. ಮಾತ್ರೆಯನ್ನು ಮಾತ್ರ ದೇವರ ಮುಂದೆ ಇಟ್ಟು ತೆಗೆದು ಹೊತ್ತು ತಪ್ಪದೆ ಕೊಡುತ್ತಿದ್ದರು. ನನಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ನಿಜ ಹೇಳಬೇಕೆಂದರೆ ಗಂಜಿಯ ಬಟ್ಟಲು ಹಗುರವಾದಷ್ಟು ನನ್ನ ನಂಬಿಕೆ ಗಟ್ಟಿಯಾಗುತ್ತಿತ್ತು. ನಾನು ಏನೋ ಕೊಡುತ್ತಿದ್ದೇನೆ, ಬದಲಿಗೆ ಮಗಳು ಸಿಗುತ್ತಾಳೆ.

ತಿಂಗಳುಗಳು ಹೋದವು. ಆ ದಿನಗಳು ನನಗೆ ಸಾಲಾಗಿ ನೆನಪಿಲ್ಲ, ಬಾವಿಯ ನೀರಿನಲ್ಲಿ ಕಾಣುವ ಹಾಗೆ ಅಲುಗಾಡುತ್ತವೆ. ಮೈ ಎಷ್ಟು ಹಗುರವಾಯಿತೆಂದರೆ ಮಲಗಿದಲ್ಲಿಂದಲೇ ಎದ್ದು ಮಾಡಿನ ಹಂಚಿಗೆ ತಾಗುತ್ತೇನೆ ಅನ್ನಿಸುತ್ತಿತ್ತು. ಒಂದು ಮಧ್ಯಾಹ್ನ ನಾನು ಬಾವಿಯ ಹತ್ತಿರ ಬಟ್ಟೆ ಹರವುತ್ತಿದ್ದೆ. ಒಳಗೆ ಅತ್ತೆ ಲೀಲಾಳನ್ನು ಕೇಳುತ್ತಿದ್ದರು, "ಅವ್ವ ಎಲ್ಲಿ ಗೂಡೆ?" ನಮ್ಮಲ್ಲಿ ಹುಡುಗಿಯರನ್ನು ಹಾಗೆ ಕರೆಯುವುದು. ನಾನು ಕಿಟಕಿಯಿಂದ ಇಣುಕಿದೆ. ಮಗು ತಟ್ಟಾಡುತ್ತ ಹೋಗಿ ಪರದೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಿತು. ಅದರ ಹಿಂದೆ ಯಾರೂ ಇರಲಿಲ್ಲ. ಅವಳಿಗೆ ಅವ್ವ ಎಂದರೆ ಪರದೆ. ನಾನು ಹಸಿ ಬಟ್ಟೆಯಲ್ಲಿ ಮುಖ ಮುಚ್ಚಿ ಅಳತೊಡಗಿದೆ. ಆ ದಿನ ಸಾವಿನ ಹೆದರಿಕೆ ಹೋಗಿ ಅದಕ್ಕಿಂತ ದೊಡ್ಡ ಹೆದರಿಕೆ ಬಂತು.

ಆ ತಿಂಗಳು ಆಸ್ಪತ್ರೆಯಲ್ಲಿ ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದ ಡಾಕ್ಟರು ಮುಳ್ಳನ್ನು ಎರಡು ಸಲ ನೋಡಿದರು.

"ಇಳೀತಾನೇ ಇದ್ದೀರಲ್ಲಮ್ಮ. ಮಾತ್ರೆ ತಪ್ಪಿಸ್ತಿದ್ದೀರಾ?"

"ಇಲ್ಲ."

"ಹಾಗಾದ್ರೆ ಈ ಔಷಧಿ ನಿಮಗೆ ಹಿಡೀತಿಲ್ಲ ಅನ್ಸುತ್ತೆ. ಕ್ಷಯದ ಆರೋಗ್ಯಧಾಮಕ್ಕೇ ಬರೀಬೇಕು. ಹಾಸಿಗೆ ಸಿಕ್ಕಿದ್ರೆ ಒಂದು ವರ್ಷ ಅಲ್ಲೇ ಇರ್ಬೇಕಾಗುತ್ತೆ. ಮಕ್ಕಳನ್ನ ಒಳಗೆ ಬಿಡೋಲ್ಲ."

ನನ್ನ ಕಾಲ ಕೆಳಗಿನ ಕಬ್ಬಿಣ ತಣ್ಣಗಾಯಿತು. ಆದರೆ ಬಾಗಿಲ ಬಳಿ ನಿಂತಿದ್ದ ಅತ್ತೆಯ ಮುಖ ನೋಡಬೇಕಿತ್ತು! ಕೊನೆಗೂ ಸರಕಾರ ದೊಡ್ಡ ಮದ್ದಿನ ಮಾತೆತ್ತಿದೆ, ಕಾದು ಸಿಗುವಂಥದ್ದು, ಸೂಜಿ ಇರುವಂಥದ್ದು. ಪಕ್ಕದಲ್ಲಿದ್ದ ಗಂಡನ ಕಣ್ಣಿನಲ್ಲೂ ಆಸೆ ಕಂಡಿತು. ಆ ಕೋಣೆಯಲ್ಲಿ ಅದು ಬೇಡವಾಗಿದ್ದದ್ದು ನನಗೊಬ್ಬಳಿಗೆ. ಒಂದು ವರ್ಷದಲ್ಲಿ ಮಗು ಪರದೆಯನ್ನೂ ಮರೆಯುತ್ತದೆ. "ನಾನು ಹೋಗುದಿಲ್ಲ" ಎಂದೆ. ನನ್ನ ಸ್ವರ ನನಗೇ ಕೇಳಿಸಲಿಲ್ಲ.

ಡಾಕ್ಟರು ಕಾಗದ ಎಳೆದುಕೊಂಡವರು ಪೆನ್ನು ಎತ್ತುವ ಮೊದಲು ಸುಮ್ಮನೆ ಎಂಬಂತೆ ಕೇಳಿದರು, "ಊಟಕ್ಕೆ ಏನು ತಗೋತಿದ್ದೀರಿ?"

ಅತ್ತೆ ಮುಂದೆ ಬಂದರು. ಇದಕ್ಕಾಗಿಯೇ ಕಾದಿದ್ದವರ ಹಾಗೆ ಸೆರಗು ಸರಿಮಾಡಿಕೊಂಡರು. "ಅದರಲ್ಲಿ ಒಂದು ಚೂರು ಲೋಪ ಮಾಡ್ಲಿಲ್ಲ ಡಾಕ್ಟ್ರೇ. ನೀವು ಹೇಳ್ಲಿಕ್ಕೆ ಮರೆತದ್ದನ್ನು ನಾನೇ ಮಾಡಿಸಿದೆ. ಮೊಸರು ಮುಟ್ಟಿಸ್ಲಿಲ್ಲ, ಕಾಯಿ ಮುಟ್ಟಿಸ್ಲಿಲ್ಲ. ಮೀನಿನ ಗಾಳಿ ಕೂಡ ಸೋಕಿಸ್ಲಿಲ್ಲ. ತೆಳೀ ಗಂಜಿ, ಹುರಿದ ಉಪ್ಪು. ಇಷ್ಟು ತಿಂಗಳೂ."

ಡಾಕ್ಟರು ಪೆನ್ನು ಕೆಳಗಿಟ್ಟರು. ಬೈಯುತ್ತಾರೆ ಎಂದುಕೊಂಡೆ, ಬೈಯಲಿಲ್ಲ. ಎರಡು ಕೈಯಲ್ಲೂ ಮುಖ ಒರೆಸಿಕೊಂಡರು. ಆಮೇಲೆ ಹೇಳಿದರು: "ಅಜ್ಜಿ, ಔಷಧಿ ಅಲ್ಲ ಕೆಡಿಸಿದ್ದು. ಈಕೆ ಹಸಿವಿನಲ್ಲಿ ಕರಗ್ತಿದ್ದಾರೆ. ಹಾಲು, ಮೊಸರು, ಮೀನು, ಮೊಟ್ಟೆ, ಕೊಬ್ಬರಿ ಎಲ್ಲ ಕೊಡಿ. ಎರಡು ತಿಂಗಳು ನೋಡೋಣ. ಆರೋಗ್ಯಧಾಮಕ್ಕೆ ಆಮೇಲೆ ಬರೀತೀನಿ."

ಅತ್ತೆಯ ಬಾಯಿಯೊಳಗಿನ ಎಲೆ ನಿಂತಿತು. "ನಾನು... ನಾನು ಒಣಗಿಸಿದೆನಾ ಇವಳನ್ನು?"

ಅವರು ಹೊರಗೆ ಹೋಗಿ ಚರಂಡಿಗೆ ಉಗುಳಿ, ಬಾಯಿ ತೊಳೆದು ಬಂದು ಮತ್ತೆ ಕೇಳಿದರು. "ಪಥ್ಯ ಒಂಚೂರೂ ಬೇಡ್ವಾ?"

"ಒಂಚೂರೂ ಬೇಡ ಅಜ್ಜಿ."

"ಕೊಡುದು ಪುಕ್ಕಟೆ, ಪಥ್ಯವೂ ಇಲ್ಲ. ಅದು ಮೈಗೆ ಹತ್ತುದು ಹೇಗೆ? ಯಾರಾದ್ರೂ ಎಂತಾದ್ರೂ ಬಿಡ್ಬೇಕಲ್ಲ."

ಡಾಕ್ಟರಿಗೆ ಅರ್ಥವಾಗಲಿಲ್ಲ. ನನಗೂ ಆಗ ಆಗಲಿಲ್ಲ. ಹೊರಗೆ ಬೆಂಚಿನಲ್ಲಿ ಇದಿನಬ್ಬ ಬ್ಯಾರಿಗಳು ಕೂತಿದ್ದರು. ಈಗ ಮೈ ಹಗುರಾಗಿದೆ, ಇನ್ನು ಮುಂದೆ ಬರುವುದಿಲ್ಲ, ಮಿಠಾಯಿ ಸಾಕು ಎಂದು ಅವರು ನನ್ನ ಗಂಡನ ಹತ್ತಿರ ಹೇಳುತ್ತಿದ್ದರು. ಅತ್ತೆ ಸೊಂಟದಿಂದ ಎಲೆಯ ಸಂಚಿ ಬಿಚ್ಚಿದರು. ಅಷ್ಟು ವರ್ಷದಿಂದ ಅದು ಅಲ್ಲಿ ಬೀಗಕ್ಕಿಂತ ಬಿಗಿಯಾಗಿ ಕೂತಿತ್ತು. ಅದನ್ನು ಬ್ಯಾರಿಗಳ ಕೈಯಲ್ಲಿ ಇಟ್ಟರು.

"ಇದು ನಿಮ್ಮಲ್ಲಿ ಇರ್ಲಿ ಬ್ಯಾರಿಗಳೇ. ಇವಳ ಮದ್ದು ಮುಗಿದ ದಿನ ಹಿಂದೆ ಕೊಡಿ. ಅಷ್ಟರವರೆಗೆ ನಾನು ಎಲೆ ಮುಟ್ಟುದಿಲ್ಲ. ಪಥ್ಯ ನಾನು ಮಾಡ್ತೇನೆ."

"ಅಯ್ಯೋ, ನಾನು ಇನ್ನು ಬರುದೇ ಇಲ್ಲ ಮಾರಾಯ್ರೆ!"

"ಬರ್ಬೇಕು. ನನ್ನ ಸಂಚಿ ನಿಮ್ಮಲ್ಲಿ ಉಂಟಲ್ಲ" ಎಂದು ಅತ್ತೆ ನಡೆದೇಬಿಟ್ಟರು.

ಅಂದು ರಾತ್ರಿ ನನ್ನ ಬಟ್ಟಲಲ್ಲಿ ಬಂಗುಡೆ ಮೀನಿನ ಸಾರು ಬಂತು. ಕಾಯಿ ಅರೆದು ಹಾಕಿದ, ಕೆಂಪಗಿನ, ಮನೆ ತುಂಬ ಪರಿಮಳದ ಸಾರು. ಮೊದಲ ತುತ್ತು ನುಂಗಲು ಆಗದೆ ಬಾಯಲ್ಲೇ ಇಟ್ಟುಕೊಂಡು ಕೂತೆ. ಪರದೆಯ ಆಚೆ ಅತ್ತೆ ಕೂತಿದ್ದರು. ಊಟವಾದ ಮೇಲೆ ಅವರ ಕೈ ಅಭ್ಯಾಸದಿಂದ ಸೊಂಟಕ್ಕೆ ಹೋಗಿ ಅಲ್ಲಿ ಏನೂ ಸಿಗದೆ ಮಡಿಲಿಗೆ ಬಂದು ಬೀಳುವುದನ್ನು ಪರದೆಯ ಅಂಚಿನಿಂದ ನೋಡಿದೆ. ಮುಂದೆ ಎಷ್ಟೋ ದಿನ ಅದನ್ನು ನೋಡುತ್ತಿದ್ದೆ. ಎಲೆಯಿಲ್ಲದೆ ಅವರಿಗೆ ತಲೆನೋವು, ಸಿಟ್ಟು. ಪಾತ್ರೆಗಳು ಸದ್ದು ಮಾಡುತ್ತಿದ್ದವು. ಇವರು ಹೊಲಿದ ಅಂಗಿಯಲ್ಲೆಲ್ಲ ಅತ್ತೆಗೆ ತಪ್ಪು ಕಾಣುತ್ತಿತ್ತು. ಆದರೂ ಮಾತ್ರೆ ಕೊಡುವಾಗ ಅವರ ಮುಖದಲ್ಲಿ ಈಗ ಅನುಮಾನ ಇರಲಿಲ್ಲ. ಅದಕ್ಕೆ ತಕ್ಕದ್ದನ್ನು ಕೊಟ್ಟಾಗಿದೆ ಎಂಬ ಧೈರ್ಯ.

ನಾನು ಮೆಲ್ಲಮೆಲ್ಲನೆ ಭಾರವಾದೆ. ಮಾಡಿನ ಹಂಚು ದೂರವಾಯಿತು, ನೆಲ ಹತ್ತಿರವಾಯಿತು. ಒಂದು ಸಂಜೆ ಬಿಸಿಲು ಒಗೆಯುವ ಕಲ್ಲಿಗೆ ಇಳಿದರೂ ಜ್ವರ ಬರಲಿಲ್ಲ. ಹೊಲಿಗೆ ಯಂತ್ರ ಬಸ್ಸಾಗಲಿಲ್ಲ, ಹೊಳೆಯಾಗಲಿಲ್ಲ, ಹೊಲಿಗೆ ಯಂತ್ರವಾಗಿಯೇ ಉಳಿಯಿತು. ನನಗೆ ಒಂಟಿ ಅನ್ನಿಸಿತು ಎಂದರೆ ನಂಬುತ್ತೀರಾ? ಇಷ್ಟು ದಿನ ಪಕ್ಕದಲ್ಲಿ ಮಲಗಿದ್ದವರು ಹೇಳದೆ ಹೋದ ಹಾಗೆ. ಆರೋಗ್ಯಧಾಮದ ಮಾತು ಮತ್ತೆ ಬರಲಿಲ್ಲ. ಕಫದಲ್ಲಿ ಏನೂ ಇಲ್ಲ ಎಂದು ಬಂದ ಮೇಲೂ ಡಾಕ್ಟರು ಮಗುವಿನ ವಿಷಯದಲ್ಲಿ ಅವಸರ ಮಾಡಲಿಲ್ಲ. ಆ ಕಾಲದಲ್ಲಿ ಎಲ್ಲರಿಗೂ ಹೆದರಿಕೆ ಹೆಚ್ಚು. ಪರದೆ ಇದ್ದಲ್ಲೇ ಇತ್ತು. ತಿಂಗಳಿಗೊಮ್ಮೆ ಬೆಂಚಿನ ಮೇಲೆ ಬ್ಯಾರಿಗಳೂ ಇದ್ದರು, ಗೊಣಗುತ್ತ, ಪೊಟ್ಟಣ ಹಿಡಿದುಕೊಂಡು. "ನಿಮ್ಮ ಅತ್ತೆಯ ಸಂಚಿಯ ದೆಸೆಯಿಂದ ನಾನು ಬರುದು ಮಗಳೇ. ಇನ್ನೊಬ್ಬರ ವಸ್ತು ಇಟ್ಕೊಂಡು ತಪ್ಪಿಸ್ಲಿಕ್ಕೆ ಆಗ್ತದಾ?" ಎನ್ನುತ್ತಿದ್ದರು. ಅವರ ಕೆನ್ನೆಯೂ ತುಂಬಿತ್ತು.

ಕೊನೆಯ ದಿನ ಡಾಕ್ಟರು ಹೊಸ ಫೋಟೋವನ್ನು ಕಿಟಕಿಗೆ ಹಿಡಿದರು. ಮೋಡವಿದ್ದಲ್ಲಿ ಒಂದೆರಡು ಬಿಳಿ ಗೆರೆ. "ಇದು ಗಾಯ ಮಾಗಿದ ಕಲೆ. ಇರುತ್ತೆ, ಇರ್ಲಿ. ಇನ್ನು ಔಷಧಿ ಬೇಡ. ಮಗೂನ ಎತ್ಕೊಳ್ಳಿ" ಎಂದರು. ಅತ್ತೆ ಅವರಿಗೆ ಕೈ ಮುಗಿದರು. ಹೊರಗೆ ಬ್ಯಾರಿಗಳು ಸಂಚಿಯನ್ನು ಹಿಂದೆ ಕೊಟ್ಟರು. ಒಳಗೆ ಹೊಸ ಎಲೆ, ಹೊಸ ಅಡಿಕೆ ತುಂಬಿಸಿ ತಂದಿದ್ದರು. ಅತ್ತೆ ದಾರಿಯಲ್ಲಿ ಅದನ್ನು ಬಿಚ್ಚಲಿಲ್ಲ.

ಮನೆಗೆ ಬಂದು ಇವರು ಪರದೆ ಬಿಚ್ಚಿದರು. ಒಳಮನೆಯ ಬೆಳಕು ಪೂರ್ತಿ ಜಗಲಿಗೆ ಬಂತು. ನಾನು ನೆಲದಲ್ಲಿ ಕೂತು ಎರಡೂ ಕೈ ಚಾಚಿದೆ. "ಬಾ ಲೀಲಾ." ಮಗು ಅಜ್ಜಿಯ ಸೀರೆಯ ಹಿಂದೆ ಸರಿಯಿತು. ಅವಳು ನೋಡುತ್ತಿದ್ದದ್ದು ನನ್ನನ್ನಲ್ಲ, ಪರದೆ ನೇತಾಡುತ್ತಿದ್ದ ಖಾಲಿ ಹಗ್ಗವನ್ನು. ನಾನು ಹಾಡಿದೆ. ಅವಳು ಹಗ್ಗದ ಕಡೆಗೇ ಕಿವಿ ಕೊಟ್ಟಳು. ನನ್ನ ಕೈ ಚಾಚಿದ್ದು ಚಾಚಿದ ಹಾಗೇ ನೋಯತೊಡಗಿತು.

ಅತ್ತೆ ಗೋಡೆಗೆ ಒರಗಿ ಕೂತು ಸಂಚಿ ಬಿಚ್ಚಿದರು. ಎಲೆ ಒರೆಸಿ, ತೊಟ್ಟು ಮುರಿದು, ಸುಣ್ಣ ಸವರಿ, ಅಡಿಕೆ ಹೋಳಿಟ್ಟು ಮಡಚಿದರು. ನಮ್ಮಲ್ಲಿ ಮನೆಗೆ ಬಂದವರಿಗೆ ಎಲೆ ಕೊಡುವುದು ಮಕ್ಕಳ ಕೆಲಸ. ಲೀಲಾಗೆ ಅದೊಂದು ದೊಡ್ಡ ಅಧಿಕಾರ, ಅಂಗಿ ಹೊಲಿಸಲು ಬಂದವರಿಗೆಲ್ಲ ಅವಳೇ ಒಯ್ದು ಕೊಡುತ್ತಿದ್ದಳು. ಆ ಮಡಚಿದ ಎಲೆಯನ್ನು ಅತ್ತೆ ಅವಳ ಕೈಯಲ್ಲಿಟ್ಟರು.

"ಹೋಗು ಗೂಡೆ. ಅವ್ವಂಗೆ ಕೊಡು."

ಮಗು ಹಗ್ಗದ ಕೆಳಗೆ ಒಂದು ಕ್ಷಣ ನಿಂತಿತು. ಆಮೇಲೆ ದಾಟಿ ಬಂದು ಎಲೆಯನ್ನು ನನ್ನ ಕೈಗೆ ಕೊಟ್ಟು, ಕೊಟ್ಟವಳೇ ತಿರುಗಿ ಓಡಿದಳು. ಅವಳ ಬೆರಳು ನನ್ನ ಅಂಗೈಯಲ್ಲಿ ತಣ್ಣಗೆ ಉಳಿಯಿತು. ನಾನು ಅವಳನ್ನು ಕರೆದೆ. "ಇದು ಅಜ್ಜಿಯದ್ದು. ಪಥ್ಯ ಮಾಡಿದ್ದು ಅಜ್ಜಿ. ಅಜ್ಜಿಗೆ ಕೊಡು ಮಗಾ."

ಅವಳು ಬಂದು ತೆಗೆದುಕೊಂಡು ಹೋದಳು. ಅತ್ತೆ ಅದನ್ನು ಬಾಯಿಗೆ ಹಾಕಲಿಲ್ಲ. "ಮದ್ದು ತಿಂದವಳು ಅವಳು. ಮೊದಲು ಅವ್ವಂಗೆ" ಎಂದು ಮತ್ತೆ ಕಳಿಸಿದರು. ಅವರ ಕಣ್ಣು ತುಂಬಿತ್ತು, ಸ್ವರ ಮಾತ್ರ ಸಿಟ್ಟಿನದು. ನಾನು ಮತ್ತೆ ಅತ್ತ ಕಳಿಸಿದೆ. ಅವರು ಮತ್ತೆ ಇತ್ತ ಕಳಿಸಿದರು. ಮಗು ಹೋಗಿ ಬಂದು, ಹೋಗಿ ಬಂದು, ಹಗ್ಗವನ್ನು ನೋಡುವುದನ್ನೇ ಮರೆಯಿತು. ಎದುರು ಜಗಲಿಯಲ್ಲಿ ಹೊಲಿಗೆ ಯಂತ್ರ ನಿಂತಿತ್ತು.

ಕೊನೆಗೆ ಅವಳಿಗೆ ಸಾಕಾಯಿತು. ಬಾಡಿದ ಎಲೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ, ಹತ್ತಿರವಿದ್ದ ಮಡಿಲು ನೋಡಿ ಕೂತುಬಿಟ್ಟಳು. ಅದು ನನ್ನದಾಗಿತ್ತು.